ಇಂತೆಲಿಗೆಂತ್ ಅಂದರೆ ಬುದ್ಧಿಜೀವಿ ಅಲ್ಲ

ಕಳೆದ ವರ್ಷ ಒಂದು ರಷ್ಯನ್ ಕಥೆಯನ್ನು ನೇರವಾಗಿ ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲೊಬ್ಬ ಫಿಟ್ಟರ್. ನಲ್ಲಿ, ಪೈಪು ರಿಪೇರಿ ಮಾಡುವ ಮನುಷ್ಯ. ಪಕ್ಕದ ಮನೆಯ ಅಜ್ಜಿ ಅವನನ್ನು 'ಇಂತೆಲಿಗೆಂತ್ನಿಯ್' ಅಂತ ಹೊಗಳುತ್ತಾಳೆ. ನಾನು ಹಿಂದೆಮುಂದೆ ನೋಡದೆ 'ತುಂಬಾ ಬುದ್ಧಿವಂತ' ಅಂತ ಬರೆದೆ. ಕರಡನ್ನು ಅತ್ತಿಗೆಗೆ ಓದಿ ಹೇಳುವಾಗ ಅವರು ಅಲ್ಲೇ ತಡೆದರು.

"ಬುದ್ಧಿವಂತ ಅಂತೀಯ. ಅಂಥ ಬುದ್ಧಿವಂತಿಕೆ ಅವನು ಏನು ತೋರಿಸಿದ? ಶೂ ಬಿಚ್ಚಿಟ್ಟು ಒಳಗೆ ಬಂದ, ನಲ್ಲಿ ಸರಿ ಮಾಡಿದ, ನೆಲ ಒರೆಸಿ ಹೋದ."

ಅವರಿಗೆ ಒಂದಕ್ಷರ ರಷ್ಯನ್ ಬರುವುದಿಲ್ಲ. ಆದರೂ ತಪ್ಪು ಎಲ್ಲಿದೆ ಅಂತ ಸರಿಯಾಗಿ ಹಿಡಿದರು. ಅಜ್ಜಿ ಹೊಗಳಿದ್ದು ಅವನ ತಲೆಯನ್ನಲ್ಲ. ಶೂ ಬಿಚ್ಚಿಟ್ಟದ್ದನ್ನು, ನೆಲ ಒರೆಸಿದ್ದನ್ನು.

ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಈ ಗುಂಪಿನ ಪದಗಳಿಗೆ ಬೇರೆಯೇ ಪುಟಗಳನ್ನು ಬಿಟ್ಟೆ. ಬರೆಯುವವರಿಗೆ, ಓದಿಕೊಂಡವರಿಗೆ ರಷ್ಯನ್ನರು ಇಟ್ಟಿರುವ ಹೆಸರುಗಳು. ಪದದ ಮುಂದೆ ಅರ್ಥ ಬರೆಯುವುದನ್ನು ನಿಲ್ಲಿಸಿದೆ. ಯಾರು ಹೇಳಿದರು, ಯಾರ ಬಗ್ಗೆ, ಯಾವ ದನಿಯಲ್ಲಿ: ಇಷ್ಟನ್ನೇ ಬರೆದುಕೊಂಡೆ. ವಾಕ್ಯಗಳಿಗಾಗಿ ರಷ್ಯನ್ ಭಾಷೆಯ ರಾಷ್ಟ್ರೀಯ ಕಾರ್ಪಸ್ ನೋಡಿದೆ, ಅಂದರೆ ರಷ್ಯನ್ ಬರಹಗಳನ್ನು ಒಟ್ಟುಮಾಡಿಟ್ಟ ದೊಡ್ಡ ಸಂಗ್ರಹ. 2004ರಿಂದ ಅದು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಯಾವ ಕಾಲದಲ್ಲಿ ಒಂದು ಪದ ಹೇಗೆ ಬಳಕೆಯಾಯಿತು ಅಂತ ವರ್ಷ ಕೊಟ್ಟು ಹುಡುಕಬಹುದು. ರಷ್ಯನ್ ಕಲಿಯುವವರಿಗೆ ನಿಘಂಟಿಗಿಂತ ಇದು ಜಾಸ್ತಿ ಕೊಡುತ್ತದೆ, ನನ್ನ ಮಟ್ಟಿಗಂತೂ ಹಾಗೇ ಆಯಿತು.

ಒಬ್ಬನಾದರೆ 'ಇಂತೆಲಿಗೆಂತ್', ಅವನ ಗುಣ ಹೇಳುವಾಗ 'ಇಂತೆಲಿಗೆಂತ್ನಿಯ್', ಅಂಥವರ ಇಡೀ ಗುಂಪಿಗೆ 'ಇಂತೆಲಿಗೆಂತ್ಸಿಯ'. ಈ ಕೊನೆಯ ಪದವನ್ನು ಬಳಕೆಗೆ ತಂದವನು ನಾನೇ ಅಂತ ಕಾದಂಬರಿಕಾರ ಬೊಬೊರಿಕಿನ್ ಹೇಳಿಕೊಂಡಿದ್ದರು, 1860ರ ದಶಕದ ಮಾತು. ಆದರೆ ಕವಿ ಜುಕೋವ್‌ಸ್ಕಿಯ 1836ರ ದಿನಚರಿಯಲ್ಲೇ ಅದು ಇದೆ. ದಾಲ್ ಅವರ ದೊಡ್ಡ ನಿಘಂಟಿನ ಎರಡನೇ ಆವೃತ್ತಿ ಬಂದದ್ದು 1880ರಿಂದ 82ರ ನಡುವೆ. ಅದರಲ್ಲಿ ಈ ಪದಕ್ಕೆ ಕೊಟ್ಟ ಅರ್ಥ ಸರಳ: ಜನರಲ್ಲಿ ಓದು, ವಿವೇಕ ಇರುವ ಭಾಗ. ಆಮೇಲೆ ಅದು ಅಷ್ಟು ಸರಳವಾಗಿ ಉಳಿಯಲಿಲ್ಲ. ಓದಿದ್ದರೆ ಸಾಲದು, ಊರಿನ ನೋವು ತನ್ನದು ಅಂದುಕೊಳ್ಳಬೇಕು, ಅಧಿಕಾರಕ್ಕೆ ಬಾಗಬಾರದು ಅನ್ನುವ ನಿರೀಕ್ಷೆ ಅಂಟಿಕೊಂಡಿತು. ನಿರೀಕ್ಷೆಯ ಬೆನ್ನಿಗೇ ಬೈಗುಳವೂ ಬಂತು.

ಬೈಗುಳ ಇರುವುದು ಪದದ ಬಾಲದಲ್ಲಿ. 1919ರಲ್ಲಿ ಗೋರ್ಕಿಗೆ ಬರೆದ ಪತ್ರದಲ್ಲಿ ಲೆನಿನ್ ಇಂಥವರನ್ನು 'ಇಂತೆಲಿಗೆಂತಿಕ್' ಅನ್ನುತ್ತಾರೆ. ಕೊನೆಗೆ 'ಇಕ್' ಸೇರಿಸಿದರೆ ಮನುಷ್ಯ ಚಿಕ್ಕವನಾಗುತ್ತಾನೆ. 1936ರಲ್ಲಿ ಸ್ತಾಲಿನ್ ಈ ಜನರನ್ನು 'ಪ್ರಸ್ಲೋಯ್ಕ' ಅಂದರು, ಅಂದರೆ ನಡುವಿನ ತೆಳು ಪದರ. ಕಾರ್ಮಿಕರು ಒಂದು ವರ್ಗ, ರೈತರು ಒಂದು ವರ್ಗ, ಇವರು ವರ್ಗವೇ ಅಲ್ಲ. ಲೇಖಕ ಸೋಲ್ಜೆನಿತ್ಸಿನ್ 1974ರಲ್ಲಿ ಇನ್ನೊಂದು ಬಾಲ ಹಚ್ಚಿದರು. 'ಅಬ್ರಜೋವನ್ನಿಯ್' ಅಂದರೆ ಓದಿದವನು. ಅದನ್ನು 'ಅಬ್ರಜೋವನ್‌ಶ್ಚಿನ' ಮಾಡಿದಾಗ ಡಿಗ್ರಿ ಇದ್ದೂ ಬೆನ್ನೆಲುಬಿಲ್ಲದವರ ಇಡೀ ಗುಂಪಿಗೆ ಹೆಸರಾಯಿತು. 'ಶ್ಚಿನ' ಬಾಲ ಕಂಡಲ್ಲೆಲ್ಲ ನಾನೀಗ ನಿಂತು ಓದುತ್ತೇನೆ.

ಇದನ್ನೆಲ್ಲ 'ಬುದ್ಧಿಜೀವಿ' ಹೊರುತ್ತದಾ? ನಮ್ಮಲ್ಲೂ ಅದು ಬೈಗುಳ ಆಗಿಬಿಟ್ಟಿದೆ, ಆ ಮಟ್ಟಿಗೆ ಎರಡೂ ಜೊತೆ. ಆದರೆ ನಾವು ಬುದ್ಧಿಜೀವಿ ಅನ್ನುವುದು ಹೇಳಿಕೆ ಕೊಡುವವರಿಗೆ, ಭಾಷಣ ಮಾಡುವವರಿಗೆ. ವಿಚಾರದಲ್ಲೇ ಬದುಕುವವನಿಗೆ ರಷ್ಯನ್ನಿನಲ್ಲಿ 'ಇಂತೆಲೆಕ್ತುಆಲ್' ಅನ್ನುವ ಬೇರೆ ಪದವಿದೆ. ಫಿಟ್ಟರ್ ಬುದ್ಧಿಜೀವಿ ಆಗಲಾರ, ಇಂತೆಲಿಗೆಂತ್ನಿಯ್ ಆಗಬಲ್ಲ. ಬೇರೆಲ್ಲ ಗುಣ ಇರುವ ಹಾಗೆ ನಟಿಸಬಹುದು, ಇದೊಂದನ್ನು ನಟಿಸಲು ಆಗದು ಅಂತ ವಿದ್ವಾಂಸ ಲಿಖಚೋವ್ ಹೇಳುತ್ತಿದ್ದರು. ಸೊಲೊವ್ಕಿ ಅನ್ನುವ ಸೋವಿಯತ್ ಕಾಲದ ಸೆರೆ ಶಿಬಿರದಲ್ಲಿ ದಿನ ಕಳೆದು ಬಂದವರು ಅವರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಪದವನ್ನು ಹಾಗೇ ಇಟ್ಟುಬಿಡೋಣ ಅಂದರೂ ತೊಂದರೆ. 'ಇಂಟೆಲಿಜೆಂಟ್' ಅಂತ ಬರೆದರೆ ಓದುಗರು ಜಾಣ ಅಂತಲೇ ಓದುತ್ತಾರೆ. ಅದಕ್ಕೇ ನಾನು 'ಇಂತೆಲಿಗೆಂತ್' ಅಂತ ಬರೆಯುವುದು. ರಷ್ಯನ್ನರು ಅಲ್ಲಿ ಹೇಳುವುದೇ 'ಗ'.

ಒಂದು ಸಲ ಕ್ಲಾಸಿನಲ್ಲಿ ನನ್ನ ಪರಿಚಯ ಹೇಳಿಕೊಳ್ಳುವಾಗ 'ಯಾ ಪಿಸಾತೆಲ್' ಅಂದೆ, ನಾನು ಬರಹಗಾರ ಅಂತ. ಟೀಚರ್ ಮೆಲ್ಲಗೆ ತಿದ್ದಿದರು: "'ಯಾ ಪಿಶೂ' ಅನ್ನಿ." ನಾನು ಬರೆಯುತ್ತೇನೆ, ಅಷ್ಟೇ. ಪಿಸಾತೆಲ್ ಅನ್ನುವುದನ್ನು ಬೇರೆಯವರು ಹೇಳಬೇಕು. ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲೂ 'ನಾನು ಸಾಹಿತಿ' ಅಂತ ಯಾರೂ ತಾವಾಗಿ ಹೇಳಿಕೊಳ್ಳುವುದಿಲ್ಲ, ಅಲ್ವಾ? ಕವಯಿತ್ರಿಗೆ 'ಪೊಯೆತೆಸ್ಸ' ಅನ್ನುವ ಪದವಿದೆ. ಅಖ್ಮಾತೊವ ಮತ್ತು ತ್ಸ್ವೆತಾಯೆವ ಇಬ್ಬರಿಗೂ ಅದು ಹಿಡಿಸುತ್ತಿರಲಿಲ್ಲ. 'ಪೊಯೆತ್' ಸಾಕು ಅನ್ನುತ್ತಿದ್ದರು. ಹಾಗಾಗಿ ಅವರಿಬ್ಬರನ್ನು ನಾನು ಕವಿ ಅಂತಲೇ ಬರೆಯುತ್ತೇನೆ.

ನನಗೆ ಖುಷಿ ಕೊಟ್ಟ ಪದ 'ಸೊಚಿನೀತೆಲ್'. ಹಳೆಯ ಕಾಲದಲ್ಲಿ ಲೇಖಕ ಅಂತ ಅರ್ಥ. ಸಮಗ್ರ ಕೃತಿಗಳ ಸಂಪುಟದ ಮೇಲೆ ಇವತ್ತಿಗೂ ಅದೇ ಬೇರಿನ ಪದ ಇರುತ್ತದೆ, ಶಾಲೆಯ ಪ್ರಬಂಧಕ್ಕೂ ಅದೇ. ಆದರೆ ಸುಳ್ಳು ಹೇಳುವವನಿಗೂ ಸೊಚಿನೀತೆಲ್ ಅನ್ನುತ್ತಾರೆ. ಎರಡು ವಾರ ಇದಕ್ಕೆ ದಾರಿ ಕಾಣಲಿಲ್ಲ. ಒಂದು ದಿನ ಬಸ್ಸಿನಲ್ಲಿ ಒಬ್ಬ ತಾಯಿ ಮಗನಿಗೆ "ಕಥೆ ಕಟ್ಟಬೇಡ, ನಿಜ ಹೇಳು" ಅಂದರು. ಕಟ್ಟುವುದು! ಕವಿ ಪದ ಕಟ್ಟುತ್ತಾನೆ, ಸುಳ್ಳ ಕಥೆ ಕಟ್ಟುತ್ತಾನೆ. ನನಗೆ ಬೇಕಾದ ಎರಡೂ ಅರ್ಥ ನಮ್ಮದೇ ಮಾತಿನಲ್ಲಿತ್ತು. ಸೀಟಿನಲ್ಲಿ ಕೂತೇ ನೋಟ್‌ಬುಕ್ ತೆಗೆದು ಬರೆದುಕೊಂಡೆ.

ಜಾಸ್ತಿ ಹೊತ್ತು ತೆಗೆದುಕೊಂಡದ್ದು 1964ರಲ್ಲಿ ಕವಿ ಬ್ರೊದ್‌ಸ್ಕಿ ಮೇಲೆ ನಡೆದ ವಿಚಾರಣೆಯ ಒಂದು ಸಾಲು. ಅಭ್ಯಾಸಕ್ಕೆ ಅಂತ ಮಾಡಿದ್ದು. ಲೆನಿನ್‌ಗ್ರಾದ್ ಕೋರ್ಟಿನಲ್ಲಿ ಪತ್ರಕರ್ತೆ ಫ್ರಿದಾ ವಿಗ್ದೊರೊವ ಕೂತು ಬರೆದುಕೊಂಡಿದ್ದರಿಂದ ಅದು ಉಳಿದಿದೆ. ಆರೋಪ 'ತುನೆಯಾದ್‌ಸ್ತ್ವೊ', ದುಡಿಯದೆ ತಿನ್ನುವುದು. ನಿಮ್ಮನ್ನು ಕವಿ ಅಂತ ಒಪ್ಪಿದವರು ಯಾರು, ಕವಿಗಳ ಸಾಲಿಗೆ ಸೇರಿಸಿದವರು ಯಾರು ಅಂತ ನ್ಯಾಯಾಧೀಶೆ ಕೇಳುತ್ತಾರೆ. ಅಲ್ಲಿರುವ 'ಪ್ರಿಚಿಸ್ಲೀತ್' ಕಚೇರಿಯ ಪದ. ಪಟ್ಟಿಗೆ ಹೆಸರು ಸೇರಿಸುವ ಹಾಗೆ. ಅದು ಸುಮ್ನೆ ಬಂದದ್ದಲ್ಲ. 1934ರಿಂದ ಅಲ್ಲಿ ಲೇಖಕರ ಒಕ್ಕೂಟ ಇತ್ತು, ಪಟ್ಟಿಯೂ ಇತ್ತು. ಬ್ರೊದ್‌ಸ್ಕಿ ಅದೇ ಕ್ರಿಯಾಪದ ಹಿಡಿದು ಉತ್ತರ ಕೊಡುತ್ತಾರೆ. ಮೊದಲ ಕರಡಿನಲ್ಲಿ ಚಂದ ಕಾಣಲಿ ಅಂತ ನಾನು ಎರಡು ಕಡೆ ಎರಡು ಪದ ಹಾಕಿದ್ದೆ. ಉತ್ತರ ಸತ್ತುಹೋಗಿತ್ತು. ಈಗ ಹೀಗಿದೆ: "ಕವಿಗಳ ಸಾಲಿಗೆ ನಿಮ್ಮನ್ನು ಸೇರಿಸಿದವರು ಯಾರು?" "ಯಾರೂ ಇಲ್ಲ. ಮನುಷ್ಯರ ಸಾಲಿಗೆ ನನ್ನನ್ನು ಸೇರಿಸಿದವರು ಯಾರು?"

ಗದ್ದಲದ ಬಸ್ಸಿನಲ್ಲಿ ರಷ್ಯನ್ನರು ಒಂದು ಮಾತು ಒಗೆಯುತ್ತಾರೆ: "ಮೇಲೆ ಕನ್ನಡಕ ಬೇರೆ ಹಾಕ್ಕೊಂಡಿದ್ದಾನೆ!" ಇದನ್ನು ಹಾಗೇ ತಂದರೆ ಏಟು ತಗಲುವುದಿಲ್ಲ. ನಮ್ಮ ಬಸ್ಸಿನಲ್ಲಿ ಅದೇ ಏಟು ಹೀಗೆ ಬೀಳುತ್ತದೆ: "ನೋಡಿದ್ರೆ ಓದಿದೋರ ಥರ ಇದ್ದೀರಿ, ಇಷ್ಟೂ ಗೊತ್ತಾಗಲ್ವಾ?"

ಇನ್ನು ಆ ಫಿಟ್ಟರ್. 'ಸಂಸ್ಕಾರವಂತ' ಹಾಕಿ ನೋಡಿದೆ. ಮನೆತನದ, ಜಾತಿಯ ವಾಸನೆ ಬಂತು. 'ಮರ್ಯಾದಸ್ಥ' ಹಾಕಿದೆ. ಊರಿನಲ್ಲಿ ಅವನಿಗಿರುವ ಹೆಸರಿನ ಮಾತಾಯಿತು, ಸ್ವಭಾವದ್ದಲ್ಲ. ಕೊನೆಗೆ ಒಂದೇ ಪದ ಹುಡುಕುವುದನ್ನು ಬಿಟ್ಟೆ. ಅಜ್ಜಿಯ ಬಾಯಲ್ಲಿ ಹೀಗೆ ಬರೆದೆ: "ಎಂಥ ನಯದ ಮನುಷ್ಯ. ನಾಲ್ಕು ಅಕ್ಷರ ಓದಿಕೊಂಡೋರು. ಒಂದು ದಿನ ದನಿ ಏರಿಸಿದ್ದು ನಾನು ಕೇಳಿಲ್ಲ."

ಅತ್ತಿಗೆಗೆ ಮತ್ತೆ ಓದಿ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ ಕೇಳಿದರು. "ನಮ್ಮ ಮೂಲೆಯ ಸೈಕಲ್ ರಿಪೇರಿ ಅಂಗಡಿಯವರ ಥರ," ಅಂದರು. "ಅವರೂ ಹಾಗೇ ಅಲ್ವಾ, ಕೈ ಒರೆಸ್ಕೊಂಡೇ ದುಡ್ಡು ಇಸ್ಕೊಳ್ತಾರೆ."