ಹವಳದ ತೊಟ್ಟಿಯಲ್ಲಿ ನೀರಿನ ಹರಿವು ಮತ್ತು ಪೈಪು ಜೋಡಣೆಯನ್ನು ಸುಧಾರಿಸುವ ಬಗೆ

ಮನೆಯಲ್ಲಿ ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ ಹರಿವು ಸಾಲದೆಂದು ಅನ್ನಿಸಿದೊಡನೆ ಹೆಚ್ಚಿನವರು ಕೆಳಗಿನ ಸಂಪಿನಲ್ಲಿರುವ, ಅಂದರೆ ಸಲಕರಣೆಗಳನ್ನಿಡುವ ಎರಡನೆಯ ತೊಟ್ಟಿಯಲ್ಲಿರುವ, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಕೂರಿಸಿಬಿಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಮೇಲಿನ ನೀರನ್ನು ಸಂಪಿಗೆ ಇಳಿಸುವ ಓವರ್‌ಫ್ಲೋ ಪೈಪು ಹಗಲಿರುಳು ಗೊರಗುಟ್ಟತೊಡಗಿತು, ತೊಟ್ಟಿಯ ತುಂಬ ಸಣ್ಣ ಗುಳ್ಳೆಗಳು ಹರಡಿದವು, ಕಲ್ಲುಗಳ ಹಿಂದಿನ ಮಡ್ಡಿ ಮಾತ್ರ ಕೂತಲ್ಲೇ ಕೂತಿತ್ತು. ಸಂಪಿನ ಮೂಲಕ ನೀರನ್ನು ಸುತ್ತಿಸುವುದು ಒಂದು ಕೆಲಸ, ತೊಟ್ಟಿಯೊಳಗೆ ನೀರನ್ನು ಕದಡುವುದು ಇನ್ನೊಂದು. ಎರಡನ್ನೂ ಒಂದೇ ಪಂಪಿನ ಹೆಗಲಿಗೆ ಹಾಕಬಾರದೆಂಬುದು ಆಗ ತಿಳಿಯಿತು.

ಸಂಪಿನ ಸುತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಮತ್ತು ಹೀಟರಿಗೆ ನೀರು ಒದಗಿಸುವುದಕ್ಕೆ, ಮೇಲ್ಮೈಯ ಜಿಡ್ಡನ್ನು ಕೆಳಗಿಳಿಸುವುದಕ್ಕೆ ಇರುವಂಥದ್ದು. ಅದಕ್ಕೆ ಗಂಟೆಗೆ ತೊಟ್ಟಿಯ ಗಾತ್ರದ ಮೂರರಿಂದ ಐದು ಪಟ್ಟು ಸಾಕು, ಅಂದರೆ 400 ಲೀಟರಿನ ತೊಟ್ಟಿಗೆ 1,200ರಿಂದ 2,000 ಲೀಟರ್. ತೊಟ್ಟಿಯೊಳಗಿನ ಚಲನೆಗಾದರೋ ಮೃದು ಹವಳಗಳಿದ್ದರೆ ಹತ್ತರಿಂದ ಇಪ್ಪತ್ತು ಪಟ್ಟು, ಅಕ್ರೋಪೊರಾದಂಥ ಗಟ್ಟಿ ಹವಳಗಳಿದ್ದರೆ ಮೂವತ್ತು ನಲವತ್ತು ಪಟ್ಟು ಬೇಕಾಗುತ್ತದೆ, ಅದನ್ನು ತೊಟ್ಟಿಯೊಳಗೇ ಕೂತು ನೀರನ್ನು ತಳ್ಳುವ ವೇವ್ ಪಂಪುಗಳಿಂದಲೇ ಪಡೆಯಬೇಕು. ಹವಳದ ಮೈಗೆ ಅಂಟಿಕೊಂಡಂತೆ ಬಹುತೇಕ ನಿಶ್ಚಲವಾದ ನೀರಿನ ತೆಳುಪದರವೊಂದು ಇರುತ್ತದೆ. ಆಮ್ಲಜನಕವಾಗಲಿ, ಆಹಾರವಾಗಲಿ, ತ್ಯಾಜ್ಯವಾಗಲಿ ಆ ಪದರವನ್ನು ದಾಟಿಯೇ ಹೋಗಿಬರಬೇಕು. ಹರಿವು ಜೋರಾದಷ್ಟೂ ಪದರ ತೆಳುವಾಗುತ್ತದೆ. ಹಾಗೆಂದು ಒಂದೇ ದಿಕ್ಕಿನಿಂದ ಕೊಳವೆಯ ನೀರಿನಂತೆ ರಾಚಿದರೆ ಆ ಬದಿಯ ಅಂಗಾಂಶವೇ ಕಿತ್ತುಹೋಗಿ ಬಿಳಿಯ ಅಸ್ಥಿ ಕಾಣಿಸುತ್ತದೆ.

ಕೈಗೆ ಗರಗಸ ತೆಗೆದುಕೊಳ್ಳುವ ಮೊದಲು ಈಗಿನ ಸ್ಥಿತಿಯನ್ನು ಅಳೆಯಿರಿ. ಒಂದು ಚಿಟಿಕೆ ಪುಡಿ ಆಹಾರವನ್ನು ನೀರಿಗೆ ಬಿಟ್ಟು, ಟಾರ್ಚನ್ನು ಗಾಜಿನ ಪಕ್ಕದಿಂದ ಹಿಡಿದು ನೋಡಿದರೆ ಕಣಗಳು ಎಲ್ಲಿ ಸುಳಿಯುತ್ತವೆ, ಎಲ್ಲಿ ನಿಂತು ತಳ ಸೇರುತ್ತವೆ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ರಿಟರ್ನಿನ ನಿಜವಾದ ಹರಿವನ್ನು ಅಳೆಯಲು ಪೈಪಿನ ತುದಿಗೆ ತುಂಡು ಹೋಸ್ ಸಿಕ್ಕಿಸಿ, ನೀರಿನ ಮಟ್ಟದ ಎತ್ತರದಲ್ಲೇ ಹಿಡಿದ ಬಕೆಟ್ಟಿಗೆ ಬಿಡಬೇಕು. ಹತ್ತು ಲೀಟರ್ ತುಂಬಲು ಇಪ್ಪತ್ತು ಸೆಕೆಂಡು ಹಿಡಿದರೆ ಗಂಟೆಗೆ 1,800 ಲೀಟರ್ ಎಂದಾಯಿತು. ಪಂಪಿನ ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಗೂ ಇದಕ್ಕೂ ಇರುವ ಅಂತರವನ್ನು ಕಂಡು ಬೇಸರಪಡಬೇಕಿಲ್ಲ, ಏಕೆಂದರೆ ಆ ಸಂಖ್ಯೆ ನೀರನ್ನು ಮೇಲೆತ್ತುವ ಎತ್ತರವೇ ಇಲ್ಲದ ಸ್ಥಿತಿಯದು. ಗರಿಷ್ಠ ಎತ್ತರ 3 ಮೀಟರ್ ಎಂದು ಬರೆದಿರುವ ಪಂಪು 3 ಮೀಟರಿನಲ್ಲಿ ಕೊಡುವ ನೀರು ಸೊನ್ನೆ.

ಎತ್ತರವನ್ನು ನಾವು ಬದಲಿಸಲಾರೆವು, ಆದರೆ ಪೈಪಿನ ಒಳಗಿನ ಘರ್ಷಣೆಯನ್ನು ತಗ್ಗಿಸಬಹುದು. ಒಂದೇ ಪ್ರಮಾಣದ ನೀರು ಹರಿಯುವಾಗ ಘರ್ಷಣೆಯ ನಷ್ಟವು ಸುಮಾರಾಗಿ ಒಳವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 20 ಮಿಲಿಮೀಟರ್ ಒಳವ್ಯಾಸದ ಪೈಪಿನ ಜಾಗದಲ್ಲಿ 25 ಮಿಲಿಮೀಟರಿನದನ್ನು ಹಾಕಿದರೆ ನಷ್ಟವು ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಒಂದಿಂಚಿನ 90 ಡಿಗ್ರಿ ಎಲ್ಬೋ ಒಂದೊಂದೂ ಮುಕ್ಕಾಲು ಮೀಟರ್ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ, 45 ಡಿಗ್ರಿಯದು ಅದರ ಅರ್ಧದಷ್ಟು ಮಾತ್ರ. ಆದ್ದರಿಂದ ಪಂಪನ್ನು ಬದಲಿಸುವ ಮೊದಲು ಏರುಪೈಪನ್ನು ಒಂದು ಅಳತೆ ದಪ್ಪ ಮಾಡಿ, ಮೂಲೆಗಳನ್ನು ಕಡಿಮೆ ಮಾಡಿ ನೋಡುವುದು ಮೇಲು. ಎಷ್ಟೋ ತೊಟ್ಟಿಗಳಲ್ಲಿ ಹಳೆಯ ಪಂಪೇ ಸಾಕೆನ್ನಿಸುತ್ತದೆ.

ಇಳಿಪೈಪಿನ ವಿಚಾರ ಇನ್ನೂ ಸೂಕ್ಷ್ಮ. ಗಾಳಿ ಮತ್ತು ನೀರು ಬೆರೆತು ಇಳಿಯುವ ಒಂಟಿ ಪೈಪು ಗದ್ದಲ ಮಾಡುತ್ತದೆ, ಜೊತೆಗೆ ಅದು ಕಟ್ಟಿಕೊಂಡರೆ ನೀರಿಗೆ ನೆಲವೇ ಗತಿ. ಹರ್ಬಿ ಎಂಬ ವಿನ್ಯಾಸದಲ್ಲಿ ಎರಡು ಪೈಪುಗಳಿರುತ್ತವೆ: ಮುಖ್ಯ ಪೈಪು ಗಾಳಿಯಿಲ್ಲದೆ, ನೀರೇ ತುಂಬಿ ತನ್ನ ತೂಕದಿಂದಲೇ ಎಳೆದುಕೊಳ್ಳುವ ಪೂರ್ಣ ಸೈಫನ್ ಆಗಿ ಹರಿಯುತ್ತದೆ, ಅದರ ಹರಿವನ್ನು ಗೇಟ್ ವಾಲ್ವಿನಿಂದ ಕೂದಲೆಳೆಯಷ್ಟು ಹೊಂದಿಸುತ್ತೇವೆ, ಎರಡನೆಯದು ಎತ್ತರದಲ್ಲಿ ಬಾಯಿ ತೆರೆದುಕೊಂಡು ಆಪತ್ತಿಗೆಂದು ಕಾದಿರುತ್ತದೆ. ಬೀನ್ ಅನಿಮಲ್ ವಿನ್ಯಾಸದಲ್ಲಿ ಇವೆರಡರ ನಡುವೆ, ಮುಖ್ಯ ಪೈಪಿನಿಂದ ಮಿಕ್ಕ ಅಲ್ಪ ನೀರನ್ನು ಸದ್ದಿಲ್ಲದೆ ಇಳಿಸುವ ಮೂರನೆಯ ಪೈಪೂ ಇರುವುದರಿಂದ ಮಟ್ಟ ತಾನಾಗಿಯೇ ಸ್ಥಿರವಾಗಿರುತ್ತದೆ. ಮೂರು ರಂಧ್ರ ಕೊರೆಯಲು ಜಾಗವಿದ್ದರೆ ನನ್ನ ಮತ ಇದಕ್ಕೇ. ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಮುಳುಗಿರಬಾರದು. ಮುಳುಗಿದ್ದರೆ ಪಂಪು ಮತ್ತೆ ಚಾಲೂ ಆದಾಗ ಒಳಗಿನ ಗಾಳಿ ಹೊರಬೀಳದೆ ಸೈಫನ್ ಹಿಡಿಯುವುದಿಲ್ಲ. ಗೇಟ್ ವಾಲ್ವಿನ ಬದಲು ಬಾಲ್ ವಾಲ್ವ್ ಹಾಕಿದರೆ ಹಿಡಿಯನ್ನು ತುಸುವೇ ತಿರುಗಿಸಿದರೂ ಹರಿವು ತೀರಾ ಹೆಚ್ಚುಕಡಿಮೆಯಾಗುತ್ತದೆ. ಆಪತ್ತಿನ ಪೈಪಿಗಂತೂ ಯಾವ ವಾಲ್ವನ್ನೂ ಹಾಕಕೂಡದು.

ಹೊಸ ಜೋಡಣೆಯ ನಿಜವಾದ ಪರೀಕ್ಷೆ ಕರೆಂಟು ಹೋದಾಗ ಆಗುತ್ತದೆ. ಪಂಪು ನಿಂತೊಡನೆ ರಿಟರ್ನ್ ಪೈಪೇ ಹಿಮ್ಮುಖ ಸೈಫನ್ ಆಗಿ, ತನ್ನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ತೊಟ್ಟಿಯ ನೀರನ್ನು ಸಂಪಿಗೆ ಎಳೆಯುತ್ತದೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಮಟ್ಟ ಇಳಿದರೆ 7.2 ಲೀಟರ್ ನೀರು ಕೆಳಗೆ ಬಂದಂತೆ. ರಿಟರ್ನಿನ ಬಾಯಿ 3 ಸೆಂಟಿಮೀಟರ್ ಆಳದಲ್ಲಿದ್ದರೆ ಸುಮಾರು 22 ಲೀಟರ್; 15 ಸೆಂಟಿಮೀಟರ್ ಆಳದಲ್ಲಿದ್ದರೆ 108 ಲೀಟರ್, ಇದನ್ನು ಹಿಡಿದಿಡುವಷ್ಟು ಖಾಲಿ ಜಾಗ ಬಹುತೇಕ ಸಂಪುಗಳಲ್ಲಿ ಇರುವುದಿಲ್ಲ. ಮೇಲ್ಮೈಯ ನೀರು ತುಳುಕಿ ಬೀಳುವ ಓವರ್‌ಫ್ಲೋ ಪೆಟ್ಟಿಗೆಯಿಂದ ಇಳಿಯುವ ನೀರನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇದೆಯಲ್ಲ ಎಂದು ನಂಬಿ ಕೂರುವುದು ತರವಲ್ಲ. ಒಂದು ಮರಿ ಬಸವನಹುಳುವೋ ಸುಣ್ಣದ ಪದರವೋ ಅದರ ಮುಚ್ಚಳದ ನಡುವೆ ಸಿಕ್ಕಿಕೊಂಡರೆ ಅದು ಇದ್ದೂ ಇಲ್ಲದಂತೆ. ಈ ಸೈಫನ್ ಮುರಿಯಲೆಂದು ನೀರಿನ ಮಟ್ಟದ ಕೆಳಗೆ ಪೈಪಿಗೆ ಕೊರೆಯುವ ಸಣ್ಣ ಗಾಳಿರಂಧ್ರವೂ ಪಾಚಿಯಿಂದ ಮುಚ್ಚಿಹೋಗುತ್ತದೆ. ರಿಟರ್ನಿನ ಬಾಯನ್ನೇ ಮೇಲ್ಮೈಗೆ ಹತ್ತಿರವಾಗಿಡುವುದು ಇವೆರಡಕ್ಕಿಂತ ಭದ್ರ. ಕೆಲಸ ಮುಗಿದ ಮೇಲೆ ಪಂಪಿನ ಪ್ಲಗ್ ಕಿತ್ತು, ನೀರು ಸಂಪಿನಲ್ಲಿ ಎಲ್ಲಿಯವರೆಗೆ ಏರಿ ನಿಂತಿತೋ ನೋಡಿ, ಆ ಲೆಕ್ಕದ ಮೇಲೆ ಚಾಲನೆಯಲ್ಲಿರುವಾಗಿನ ಗರಿಷ್ಠ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಬೇಕು.

ಸಾಮಗ್ರಿಯ ವಿಷಯದಲ್ಲಿ ಒಂದೇ ಕಟ್ಟುನಿಟ್ಟು: ನೀರು ಮುಟ್ಟುವ ಕಡೆ ತಾಮ್ರ, ಹಿತ್ತಾಳೆ ಬೇಡ, ಏಕೆಂದರೆ ಉಪ್ಪುನೀರಿನಲ್ಲಿ ಕರಗುವ ತಾಮ್ರ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ. ಪಿವಿಸಿ ಪೈಪನ್ನು ಕತ್ತರಿಸಿದಾಗ ಅಂಚಿನ ಒಳಗೂ ಹೊರಗೂ ಏಳುವ ಸಿಬಿರನ್ನು ಚಾಕುವಿನಿಂದ ಕೆರೆದು ತೆಗೆಯದಿದ್ದರೆ ಪೈಪು ಒಳತೂರುವಾಗ ಅದೇ ಸಿಬಿರು ಸಾಲ್ವೆಂಟನ್ನು (ಪಿವಿಸಿ ಅಂಟನ್ನು) ಮುಂದಕ್ಕೆ ತಳ್ಳಿಬಿಡುತ್ತದೆ, ಸೋರಿಕೆ ಅಲ್ಲಿಂದಲೇ ಶುರುವಾಗುತ್ತದೆ. ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ, ಪ್ರತಿ ಕೀಲಿನ ಮೇಲೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದುಕೊಳ್ಳಿ. ನಂತರ ಸಾಲ್ವೆಂಟನ್ನು ಎರಡೂ ಮೈಗಳಿಗೆ ಹಚ್ಚಿ, ಪೈಪನ್ನು ಕಾಲು ಸುತ್ತು ತಿರುಗಿಸುತ್ತ ಕೊನೆಯವರೆಗೆ ತಳ್ಳಿ, ಗೆರೆಗಳು ಒಂದಾದ ಕಡೆ ಅರ್ಧ ನಿಮಿಷ ಬಿಗಿಯಾಗಿ ಹಿಡಿಯಬೇಕು. ಕೈಬಿಟ್ಟರೆ ಪೈಪು ಮೆಲ್ಲನೆ ಹಿಂದೆ ಜಾರುತ್ತದೆ. ಒಂದು ದಿನ ಒಣಗಲು ಬಿಟ್ಟು, ಸಿಹಿನೀರಿನಲ್ಲಿ ತೊಳೆದು ಸೋರಿಕೆ ನೋಡಿ. ಗಾಜಿನ ರಂಧ್ರದ ಮೂಲಕ ಪೈಪು ಹಾಯಿಸುವ ಬಲ್ಕ್‌ಹೆಡ್ಡಿನ ರಬ್ಬರ್ ವಾಷರ್ ಸಾಮಾನ್ಯವಾಗಿ ಅಗಲ ಅಂಚಿನ ಕಡೆಗೆ ಬರಬೇಕು, ನಟ್ಟಿನ ಕಡೆಗಲ್ಲ. ನಟ್ಟನ್ನು ಕೈಯಿಂದ ಬಿಗಿಮಾಡಿ ಕಾಲು ಸುತ್ತು ಹೆಚ್ಚಿಸಿದರೆ ಸಾಕು. ಟೆಂಪರ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಿಗೆ ರಂಧ್ರ ಕೊರೆಯಲು ಹೋಗಬೇಡಿ, ಅದು ಚೂರುಚೂರಾಗುತ್ತದೆ. ಪಂಪಿನ ಬಳಿ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಕೀಲು) ಹಾಕಲು ಮರೆತವರು ಮುಂದೆ ಪಂಪು ತೊಳೆಯುವಾಗಲೆಲ್ಲ ಗರಗಸ ಹುಡುಕುತ್ತಾರೆ.

ಬದಲಾವಣೆಯ ದಿನ ಮೊದಲು ಹೀಟರನ್ನು ಆರಿಸಬೇಕು, ಸಂಪಿನ ನೀರಿಳಿದಾಗ ಅದು ಬಯಲಾಗಿ ಸುಟ್ಟುಹೋಗದಂತೆ. ಒಳಗಿನ ವೇವ್ ಪಂಪೊಂದು ಓಡುತ್ತಲೇ ಇದ್ದರೆ ಕೆಲವು ಗಂಟೆ ಸಂಪಿಲ್ಲದೆಯೂ ಮೀನು, ಹವಳಗಳಿಗೆ ತೊಂದರೆಯಾಗದು. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತೆ ಇರಲಿ, ಇಲ್ಲವಾದರೆ ಹನಿ ನೀರು ವೈರಿನ ಮೇಲೆ ನೇರ ಸಾಕೆಟ್ಟಿಗೆ ಇಳಿಯುತ್ತದೆ. 30 ಮಿಲಿಆಂಪಿಯರಿನ ವಿದ್ಯುತ್ ಸೋರಿಕೆ ರಕ್ಷಕ ಇಲ್ಲದ ಲೈನಿನಿಂದ ತೊಟ್ಟಿಗೆ ಕರೆಂಟು ಕೊಡಬಾರದು.

ಒಳಗಿನ ವೇವ್ ಪಂಪುಗಳನ್ನು ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿಟ್ಟು, ತುಸು ಮೇಲ್ಮೈಯ ಕಡೆಗೆ ತಿರುಗಿಸಿ, ಸರದಿಯಲ್ಲಿ ಏರಿಳಿಯುವಂತೆ ಹೊಂದಿಸಿದರೆ ಎರಡು ಪ್ರವಾಹಗಳು ನಡುವೆ ಢಿಕ್ಕಿಯಾಗಿ ಹವಳಗಳ ಮೇಲೆ ಅಂಕೆಯಿಲ್ಲದ ಸುಳಿಗಳಾಗಿ ಬೀಳುತ್ತವೆ. ಮೇಲ್ಮೈ ಅಲುಗುವುದರಿಂದ ರಾತ್ರಿಯ ಹೊತ್ತಿನ ಆಮ್ಲಜನಕದ ಕೊರತೆಯೂ ತಪ್ಪುತ್ತದೆ. ಹರಿವು ಹೆಚ್ಚಿಸುವ ಮೊದಲು ಕಲ್ಲುಗಳ ಹಿಂದಿನ ಮಡ್ಡಿಯನ್ನು ಹೋಸಿನಿಂದ ಹೀರಿ ತೆಗೆಯಿರಿ, ಇಲ್ಲವಾದರೆ ವರ್ಷದ ಕೊಳೆಯೆಲ್ಲ ಒಂದೇ ದಿನ ನೀರಿಗೆ ಏಳುತ್ತದೆ. ಪಂಪಿನ ವೇಗವನ್ನು ಎರಡು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕು. ಹವಳದ ಮೈಮೇಲಿನ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಚಾಚಿಕೊಂಡು ತೂಗುತ್ತಿದ್ದರೆ ಸರಿ. ದಿನವಿಡೀ ಮುದುಡಿಯೇ ಇದ್ದರೆ ಹರಿವು ಹೆಚ್ಚಾಗಿದೆ ಎಂದು ತಿಳಿಯಬೇಕು. ಅನಿಮೋನ್ ಎಂಬ ಮೆತ್ತನೆಯ ಕಡಲಜೀವಿ ಇರುವ ತೊಟ್ಟಿಯಲ್ಲಿ ಪಂಪಿನ ಬಾಯಿಗೆ ಜಾಲರಿ ಹಾಕದೆ ಬಿಡಬೇಡಿ. ಅಲೆದಾಡುವ ಅನಿಮೋನ್ ರೆಕ್ಕೆಗೆ ಸಿಕ್ಕಿ ನುಚ್ಚಾದರೆ ಇಡೀ ತೊಟ್ಟಿಯ ನೀರು ಕೆಡುತ್ತದೆ.

ಪಂಪಿನೊಳಗೆ ಸುಣ್ಣ ಕಟ್ಟುವುದರಿಂದ ಮತ್ತು ಹವಳಗಳು ಬೆಳೆದು ಅಡ್ಡ ನಿಲ್ಲುವುದರಿಂದ ಇಂದಿನ ಹರಿವು ಬರುವ ವರ್ಷ ಇರುವುದಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಪಂಪುಗಳನ್ನು ಬಿಚ್ಚಿ, ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ ತೊಳೆದು, ಬಕೆಟ್ಟಿನ ಅಳತೆಯನ್ನು ಮತ್ತೆ ಮಾಡಿ, ಸೆಕೆಂಡುಗಳನ್ನು ದಿನಾಂಕದ ಸಮೇತ ಕ್ಯಾಬಿನೆಟ್ ಬಾಗಿಲಿನ ಒಳಬದಿಯಲ್ಲಿ ಬರೆದಿಡಿ; ತೊಳೆದ ಮೇಲೂ ಇಪ್ಪತ್ತು ಸೆಕೆಂಡಿನ ಬಕೆಟ್ಟು ಮೂವತ್ತಕ್ಕೆ ಹೋಗಿದ್ದರೆ ಪೈಪಿನ ಒಳಗನ್ನೂ ನೋಡುವ ಕಾಲ ಬಂದಿದೆ.