ಲಿಂಕ್ ಒತ್ತಿದಾಗ ಸರ್ವರ್‌ಗೆ ಮಾಹಿತಿ ಕಳಿಸೋದು ಹೇಗೆ?

ಪುಸ್ತಕಗಳ ಪಟ್ಟಿಯ ಸೈಟ್ ಮೊದಲು ಮಾಡಿದಾಗ ನಾನು ಒಂದೊಂದು ಪುಸ್ತಕಕ್ಕೂ ಒಂದೊಂದು ಫೈಲ್ ಬರೆದಿದ್ದೆ. ಸುಮ್ನೆ ಕೈನೋವು. ಫೈಲ್ ಒಂದೇ ಸಾಕು, ಯಾವ ಪುಸ್ತಕ ಬೇಕು ಅನ್ನೋದನ್ನು ಲಿಂಕೇ ಹೇಳುತ್ತದೆ.

ಲಿಂಕಿನ ವಿಳಾಸವನ್ನು ಹೀಗೆ ಬರೆಯಿರಿ (ಓದಲು ಸುಲಭವಾಗಲಿ ಅಂತ ಹೆಸರುಗಳನ್ನು ಕನ್ನಡದಲ್ಲಿಟ್ಟಿದ್ದೇನೆ):

/ಪುಸ್ತಕ?ಐಡಿ=42&ಪುಟ=3

ಪ್ರಶ್ನೆ ಚಿಹ್ನೆಯ ಆಚೆ ಇರುವುದೇ ಕ್ವೆರಿ ಸ್ಟ್ರಿಂಗ್. = ಚಿಹ್ನೆಯ ಎಡಕ್ಕೆ ಹೆಸರು, ಬಲಕ್ಕೆ ಮೌಲ್ಯ, ಜೋಡಿಗಳ ನಡುವೆ &. ಲಿಂಕ್ ಒತ್ತಿದರೆ ಬ್ರೌಸರ್ ಇದನ್ನು ಗೆಟ್ ರಿಕ್ವೆಸ್ಟ್ (ಸರ್ವರ್‌ನಿಂದ ಏನನ್ನಾದರೂ ಕೇಳುವ ಕೋರಿಕೆ) ಆಗಿ ಕಳಿಸುತ್ತದೆ. ಸರ್ವರ್‌ನಲ್ಲಿ ಪಿಎಚ್‌ಪಿ ಭಾಷೆ ಇದ್ದರೆ ಗೆಟ್ ಅರೇಯಿಂದ ($_GET), ನೋಡ್ (Node.js, ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇದ್ದರೆ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್‌ನಿಂದ (URLSearchParams) ಈ ಮೌಲ್ಯಗಳನ್ನು ತೆಗೆದುಕೊಳ್ಳಿ. ಕೈಗೆ ಬರುವ 42 ಸಂಖ್ಯೆಯಲ್ಲ, ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಅದನ್ನು ನೀವೇ ಸಂಖ್ಯೆ ಮಾಡಿಕೊಳ್ಳಬೇಕು.

ಈಗ ನನ್ನ ಒಂದಿಡೀ ಸಂಜೆ ತಿಂದ ತಪ್ಪು. ವಿಷಯವಾರು ಲಿಂಕ್‌ಗಳಲ್ಲಿ ‘ಸಿ#’ (ಸಿ ಶಾರ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ) ಅಂತ ಒಂದಿತ್ತು. ಅದನ್ನು ಒತ್ತಿದರೆ ‘ಸಿ’ ಭಾಷೆಯ ಪುಸ್ತಕಗಳೇ ಬರುತ್ತಿದ್ದವು. ಡೇಟಾಬೇಸ್ ತಡಕಾಡಿದೆ, ಕೋಡ್ ಎರಡು ಸಲ ಓದಿದೆ. ಕೊನೆಗೆ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ನೋಡಿದರೆ # ಸರ್ವರ್‌ಗೆ ಹೋಗಿಯೇ ಇಲ್ಲ! ವಿಳಾಸದಲ್ಲಿ # ಬಂದ ಕೂಡಲೇ ಬ್ರೌಸರ್ ಅಲ್ಲಿಂದ ಮುಂದಿನದನ್ನು ಪುಟದೊಳಗಿನ ಜಾಗದ ಗುರುತು ಅಂದುಕೊಂಡು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಅದನ್ನು %23 ಅಂತ ಬರೆದರೆ ಸರಿಯಾಗಿ ತಲುಪುತ್ತದೆ. & ಇದ್ದರೆ %26, ಖಾಲಿ ಜಾಗಕ್ಕೆ %20. ಕೈಯಿಂದ ಬರೆಯುವ ಗೋಜು ಬೇಡ, ಜಾವಾಸ್ಕ್ರಿಪ್ಟ್‌ನ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ (encodeURIComponent) ಫಂಕ್ಷನ್ ಆ ಕೆಲಸಕ್ಕೇ ಇದೆ. ಮೌಲ್ಯವನ್ನು ಮಾತ್ರ ಅದಕ್ಕೆ ಕೊಡಿ, ಇಡೀ ವಿಳಾಸವನ್ನಲ್ಲ. ಅಂದಹಾಗೆ, ‘ಕ’ ಅನ್ನೋ ಒಂದೇ ಅಕ್ಷರ ಹೀಗೆ ಎನ್‌ಕೋಡ್ ಆದಾಗ ಒಂಬತ್ತು ಅಕ್ಷರ ಆಗುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್, ಒಂದೊಂದು ಬೈಟ್‌ಗೂ % ಮತ್ತು ಎರಡು ಅಂಕೆ-ಅಕ್ಷರ. ಕನ್ನಡ ಹೆಸರಿನ ಲಿಂಕ್ ಕಾಪಿ ಮಾಡಿದಾಗ ಮಾರುದ್ದ ಬರೋದು ಇದಕ್ಕೇ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಪಟ್ಟಿಯ ಪ್ರತಿ ಸಾಲಿನಲ್ಲೂ ‘ಅಳಿಸು’ ಅಂತ ಲಿಂಕ್ ಇಟ್ಟಿದ್ದೆ, ಲಾಗಿನ್ ಹಾಕಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಪಟ್ಟಿ ಖಾಲಿ. ಯಾವುದೋ ಸರ್ಚ್ ಬಾಟ್ (ಸರ್ಚ್ ಎಂಜಿನ್‌ಗಾಗಿ ಪುಟಗಳನ್ನು ತಾನಾಗಿ ತೆರೆದು ನೋಡುವ ಪ್ರೋಗ್ರಾಂ) ಬಂದು ಲಿಂಕ್‌ಗಳನ್ನೆಲ್ಲ ಒಂದೊಂದಾಗಿ ತೆರೆದು ಹೋಗಿತ್ತು. ಅದರದ್ದೇನು ತಪ್ಪು? ಗೆಟ್ ಅಂದರೆ ಬರೀ ಓದೋದಕ್ಕೆ ಅಲ್ವಾ! ಅಳಿಸೋದು, ಬದಲಿಸೋದು, ಸೇರಿಸೋದು ಏನಿದ್ದರೂ ಫಾರ್ಮ್ ಮತ್ತು ಬಟನ್ ಇಟ್ಟು ಪೋಸ್ಟ್ ರಿಕ್ವೆಸ್ಟ್‌ನಲ್ಲಿ (ಸರ್ವರ್‌ನಲ್ಲಿ ಏನನ್ನಾದರೂ ಬದಲಿಸುವ ಕೋರಿಕೆ) ಕಳಿಸಿ. ಲಾಗಿನ್ ಅಂತೂ ಬೇಕೇ ಬೇಕು.

ಪಾಸ್‌ವರ್ಡ್, ಟೋಕನ್ (ಲಾಗಿನ್ ಆದವರನ್ನು ಗುರುತಿಸುವ ಗುಪ್ತ ಸಂಕೇತ) ವಿಳಾಸದಲ್ಲಿ ಬೇಡ. ಅದು ಬ್ರೌಸರ್ ಹಿಸ್ಟರಿಯಲ್ಲೂ ಸರ್ವರ್ ಲಾಗ್‌ನಲ್ಲೂ ಉಳಿಯುತ್ತದೆ. 42 ತೆಗೆದು 43 ಹಾಕಿ ನೋಡುವವರು ಇದ್ದೇ ಇರುತ್ತಾರೆ, ಹಾಗಾಗಿ ಈ ಪುಸ್ತಕ ನೋಡುವ ಹಕ್ಕು ಇವರಿಗಿದೆಯಾ ಅಂತ ಸರ್ವರ್ ಪ್ರತಿ ಸಲವೂ ನೋಡಲಿ.

ಯಾವ ಲಿಂಕ್ ಎಷ್ಟು ಸಲ ಒತ್ತಿದರು ಅಂತ ಎಣಿಸಬೇಕಾ? ಕ್ಲಿಕ್ ಆದಾಗ ಜಾವಾಸ್ಕ್ರಿಪ್ಟ್‌ನ ಸೆಂಡ್‌ಬೀಕನ್ (sendBeacon) ಫಂಕ್ಷನ್ ಕರೆಯಿರಿ. ಓದುಗರು ಬೇರೆ ಪುಟಕ್ಕೆ ಹೋಗುತ್ತಿದ್ದರೂ ಬ್ರೌಸರ್ ಆ ಪುಟ್ಟ ಮಾಹಿತಿಯನ್ನು ಹಿನ್ನೆಲೆಯಲ್ಲಿ ಪೋಸ್ಟ್ ಮಾಡುತ್ತದೆ. ಉತ್ತರ ಮಾತ್ರ ನಿಮ್ಮ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಎಣಿಕೆಗೆ ಉತ್ತರ ಬೇಕಾಗಿಯೂ ಇಲ್ಲ.