ವೆಸ್ಟರ್ನ್ ಧಾರಾವಾಹಿ ನೋಡುವಾಗ ಗಡಿಗೆರೆಯ ಮೇಲೊಂದು ಕಣ್ಣಿರಲಿ

ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರುವ ಕಾಸರಗೋಡಿನವರಿಗೆ, ಒಂದು ಪೊಲೀಸ್ ಠಾಣೆಯ ಅಧಿಕಾರ ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆ, ಬಂದೂಕುಗಳ ಅಮೆರಿಕನ್ ವೆಸ್ಟರ್ನ್ ಧಾರಾವಾಹಿಯನ್ನು ಸರಿಯಾಗಿ ಅನುಸರಿಸಲು ಬೇಕಾದದ್ದೂ ಬಹುಮಟ್ಟಿಗೆ ಇದೇ ತಿಳಿವಳಿಕೆ.

ಮೊದಲ ಕಂತಿನಲ್ಲೇ ನಾಯಕನ ಎದೆಯ ಬಿಲ್ಲೆಯನ್ನು ಕೊಟ್ಟವರು ಯಾರೆಂದು ಗುರುತಿಸಿಕೊಳ್ಳಿ. ಷೆರಿಫ್ ಎಂದರೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಮತದಾರರು ಆರಿಸಿದವನು. ಆದ್ದರಿಂದ ದನದ ಹಿಂಡುಗಳ ಧಣಿಯನ್ನು ಬಂಧಿಸುವ ಮುನ್ನ ಅವನಿಗೆ ಮುಂದಿನ ಚುನಾವಣೆ ನೆನಪಾಗುತ್ತದೆ. ಪಟ್ಟಣದ ಮಾರ್ಷಲನನ್ನು ಸಾಮಾನ್ಯವಾಗಿ ಪಟ್ಟಣದ ಆಡಳಿತವೇ ನೇಮಿಸುತ್ತಿತ್ತು. ಊರಿನ ಎಲ್ಲೆ ದಾಟಿದರೆ ಅವನ ಮಾತು ನಡೆಯದು. 1789ರಲ್ಲಿ ಸೃಷ್ಟಿಯಾದ ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ಮಾರ್ಷಲನ ಹುದ್ದೆ ಬೇರೆಯೇ. 1955ರಿಂದ 1975ರ ತನಕ ನಡೆದ ‘ಗನ್‌ಸ್ಮೋಕ್’ನ ಮ್ಯಾಟ್ ಡಿಲನ್ ಈ ಮೂರನೆಯ ಬಗೆಯವನು. ಮೂವರನ್ನೂ ‘ಪೊಲೀಸ’ರೆಂದು ಕರೆದು ಮುಂದೆ ಸಾಗಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಬಳಿಕ ಅಪರಾಧಿ ಯಾವ ದಿಕ್ಕಿಗೆ ಓಡುತ್ತಾನೆಂದು ಗಮನಿಸಿ. ಇಂದಿನ ಓಕ್ಲಹೋಮದ ಭಾಗವಾದ, ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಿಗೆಂದು ಬಿಟ್ಟಿದ್ದ ಇಂಡಿಯನ್ ಟೆರಿಟರಿಯಲ್ಲಿ ಬುಡಕಟ್ಟು ನ್ಯಾಯಾಲಯಗಳಿಗೆ ಹೊರಗಿನವರ ಮೇಲೆ ಅಧಿಕಾರವಿರಲಿಲ್ಲವಾದ್ದರಿಂದ, ತಲೆಮರೆಸಿಕೊಂಡವರು ಅಲ್ಲಿಗೇ ನುಗ್ಗುತ್ತಿದ್ದರು. ಅರ್ಕನ್ಸಾದ ಫೋರ್ಟ್ ಸ್ಮಿತ್ ಫೆಡರಲ್ ನ್ಯಾಯಾಲಯದಿಂದ ಅವರನ್ನು ಹಿಡಿಯಲು ಹೊರಟ ಡೆಪ್ಯುಟಿ ಮಾರ್ಷಲರಿಗೆ 1890ರ ದಶಕದ ನಡುವಿನವರೆಗೂ ನಿಗದಿತ ಸಂಬಳವಿರದೆ, ಬಂಧನಕ್ಕಿಷ್ಟು, ಮೈಲಿಗಿಷ್ಟು ಎಂಬ ಶುಲ್ಕವಷ್ಟೇ ಸಿಗುತ್ತಿತ್ತು. ಕಂತಿಗೆ ನಾಲ್ವರನ್ನು ಗುಂಡಿಟ್ಟು ಉರುಳಿಸುವ ನಾಯಕನ ಹೊಟ್ಟೆಪಾಡು ಹೇಗೆ ನಡೆದೀತೆಂದು ನನಗಂತೂ ಅನುಮಾನ.

ಧಾರಾವಾಹಿಗೆ ಆಧಾರವಾದ ಮೂಲ ಕಥೆ ಸಿಕ್ಕರೆ ಎರಡು ಮೂರು ಕಂತುಗಳನ್ನು ನೋಡಿದ ಮೇಲೆಯೇ ಓದುವುದು ಒಳ್ಳೆಯದು. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಅದೇ ಇದ್ದರೂ ಅರ್ಥಧಾರಿ ಬದಲಾದಾಗ ಕೌರವನೂ ಬದಲಾಗುವುದನ್ನು ಕಂಡವರಿಗೆ ಪುಸ್ತಕದ ಪಾತ್ರಕ್ಕೂ ತೆರೆಯ ಪಾತ್ರಕ್ಕೂ ಇರುವ ವ್ಯತ್ಯಾಸ ಅಚ್ಚರಿ ತರದು. ಕಾನೂನು ಅಧಿಕಾರಿಯಲ್ಲದ, ಕೌಬಾಯ್ ಆಗಿ ಹುಟ್ಟಿದ ಹೊಪಲಾಂಗ್ ಕ್ಯಾಸಿಡಿ ಇದಕ್ಕೆ ಒಳ್ಳೆಯ ಉದಾಹರಣೆ: ಕ್ಲಾರೆನ್ಸ್ ಮುಲ್‌ಫೋರ್ಡ್ ಬರೆದ ಕಥೆಗಳಲ್ಲಿ ಒರಟು ಮಾತಿನ, ಕುಂಟು ನಡೆಯ ಈ ಮನುಷ್ಯ, ವಿಲಿಯಂ ಬಾಯ್ಡ್ ಅಭಿನಯಿಸಿದ ಚಿತ್ರಗಳಲ್ಲಿಯೂ 1949ರ ಟಿವಿ ಧಾರಾವಾಹಿಯಲ್ಲಿಯೂ ಮದ್ಯ ಮುಟ್ಟದ ಸಭ್ಯಸ್ಥನಾದ.

ನೋಡುವಾಗ ಪಕ್ಕದಲ್ಲೊಂದು ಹಾಳೆಯಿಟ್ಟು ಪಟ್ಟಣ, ನದಿ, ರೈಲುಹಳಿ, ಕೌಂಟಿಯ ಗಡಿ ಇವಿಷ್ಟನ್ನು ಗೀಚಿಕೊಳ್ಳಿ. 1956ರಲ್ಲಿ ರಾಜ್ಯದ ಗೆರೆ ಬದಲಾದದ್ದನ್ನು ಕಂಡ ಅಜ್ಜ ಜೊತೆಗಿದ್ದರೆ ಪೆನ್ಸಿಲನ್ನು ಅವರ ಕೈಗೇ ಕೊಡಬಹುದು.